ನಟ್ಟಿನ ಮೇಲೆ ಉಗುರುಬಣ್ಣ

ಮೂರನೇ ತಾರೀಕು ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ನರ್ಸಮ್ಮನ ಕೈಯಲ್ಲಿ ಹೆಲ್ಮೆಟ್ ಇತ್ತು, ಸ್ಕೂಟರ್ ಇರಲಿಲ್ಲ. ಹಿಂದಿನ ದಿನ ಪಾಳಿಗೆ ಹೋಗುವಾಗ ಆಸ್ಪತ್ರೆಯ ಹಿಂದಿನ ಗೇಟಿನ ಬಳಿ ನಿಲ್ಲಿಸಿದ್ದ ಗಾಡಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಮಾಯವಾಗಿತ್ತು.

ದೂರು ಬರೆದುಕೊಳ್ಳಲು ಕೂತವರು ಠಾಣೆಯ ರೈಟರ್. ಹೆಡ್ ಕಾನ್‌ಸ್ಟೆಬಲ್ ಆಗಿದ್ದ ಅವರು ಹನ್ನೊಂದು ವರ್ಷದಿಂದ ಅದೇ ಮೇಜಿನ ಹಿಂದೆ ಕೂತು ಎಫ್‌ಐಆರ್, ಪಂಚನಾಮೆ, ಹೇಳಿಕೆ ಎಂದು ಬರೆಯುತ್ತಲೇ ಇದ್ದುದರಿಂದ ಊರಿನವರಿಗೆ ಅವರ ಹೆಸರೇ ಮರೆತುಹೋಗಿತ್ತು. ಮುತ್ತು ಪೋಣಿಸಿದಂಥ ಅಕ್ಷರ. ಒಮ್ಮೆ ಸರ್ಕಾರಿ ವಕೀಲರು, "ಇವರ ಪಂಚನಾಮೆ ಓದಿದರೆ ಸ್ಥಳಕ್ಕೆ ಹೋಗುವ ಅಗತ್ಯವೇ ಇಲ್ಲ" ಎಂದಿದ್ದರು. ಆ ಮಾತನ್ನು ರೈಟರ್ ಮನೆಯಲ್ಲಿ ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆರೆದ ಕೂಡಲೇ ಹೆಂಡತಿ ಉಳಿದರ್ಧ ಪೂರ್ತಿ ಮಾಡುತ್ತಿದ್ದರು.

"ಗಾಡಿ ಎಷ್ಟು ಹಳೇದು?"

"ಆರು ವರ್ಷ ನಾಲ್ಕು ತಿಂಗಳು. ಶೋರೂಮಿನಲ್ಲಿ ಇದ್ದದ್ದರಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಆದರೆ ಒಂದು ದಿನ ಕೈಕೊಟ್ಟಿಲ್ಲ."

"ಗುರುತು ಏನಾದ್ರೂ?"

ನರ್ಸಮ್ಮ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ರೋಗಿಯ ಕಾಲ ಬುಡದಲ್ಲಿ ನೇತುಹಾಕುವ ಚಾರ್ಟಿನ ಹಾಗೆಯೇ ಅಡ್ಡ ಉದ್ದ ಗೆರೆ ಎಳೆದು ಮೀಟರ್, ಎಂಜಿನ್ ಆಯಿಲ್, ಚಕ್ರದ ಗಾಳಿ, ಪ್ಲಗ್, ಬ್ರೇಕು ಎಂದು ಖಾನೆ ಮಾಡಿದ್ದರು. ಸೋಮವಾರ ಮಧ್ಯಾಹ್ನ ಗಾಡಿ ನಿಲ್ಲಿಸಿದಾಗ ಮೀಟರಿನಲ್ಲಿ 41,206. ರೈಟರ್ ಒಳಗೊಳಗೇ ನಕ್ಕರು. ಆದರೆ ತಮ್ಮಂಥವರೇ ಇನ್ನೊಬ್ಬರು ಸಿಕ್ಕ ಖುಷಿಯೂ ಆಯಿತು. ಸ್ಕೂಟರ್ ಕಳೆದುಕೊಂಡು ಬರುವವರಲ್ಲಿ ಅರ್ಧ ಜನಕ್ಕೆ ತಮ್ಮ ಗಾಡಿಯ ನಂಬರೇ ನೆನಪಿರುವುದಿಲ್ಲ.

ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಆಗಿನಿಂದ ಇನ್ನೊಬ್ಬರು ಕೂತಿದ್ದರು. ಮಾರುಕಟ್ಟೆಯ ಹಿಂದಿನ ಓಣಿಯ ಟೈಲರ್. ಐವತ್ತೆಂಟರ ಮನುಷ್ಯ. ಹಿಂದಿನ ತಿಂಗಳು ಹದಿನೈದನೇ ತಾರೀಕು ಅವರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ ಸ್ಕೂಟರ್ ರಸ್ತೆಯ ವಿಭಜಕಕ್ಕೆ ಗುದ್ದಿ, ಆಕೆ ಅಲ್ಲೇ ತೀರಿಹೋಗಿದ್ದರು. ಅಜಾಗರೂಕ ಚಾಲನೆಯಿಂದ ಸಾವು. ಆರೋಪಿ ಗಂಡನೇ. ನರ್ಸಮ್ಮ ಹೋದ ಮೇಲೆ ಅವರು ಎದ್ದು ಬಂದು ಮೇಜಿನ ಮುಂದೆ ನಿಂತರು.

"ಇಪ್ಪತ್ತನೇ ತಾರೀಕು ಕೋರ್ಟು ಅಂದ್ರು. ಅವತ್ತೇ ಒಪ್ಪಿಕೊಂಡುಬಿಟ್ರೆ ಮುಗೀತಲ್ವಾ ಸಾರ್?"

"ವಕೀಲರನ್ನ ಇಟ್ಕೊಂಡಿಲ್ವಾ?"

"ಏನಂತ ವಾದ ಮಾಡಿಸಲಿ? ಗಾಡಿ ಓಡಿಸ್ತಿದ್ದೋನು ನಾನೇ. ಅವಳು ಹೋದಳು. ಸಾಕ್ಷಿಯವರಿಗೆಲ್ಲ ಯಾಕೆ ಸುಮ್ನೆ ಓಡಾಟ."

"ಒಪ್ಕೊಂಡ್ರೆ ಜೈಲಾಗಬಹುದು."

"ಆಗಲಿ ಬಿಡಿ" ಎಂದರು ಟೈಲರ್, ಅಂಗಿಯ ಅಳತೆ ಒಪ್ಪಿಕೊಂಡಷ್ಟೇ ಸಲೀಸಾಗಿ. ರೈಟರಿಗೆ ಕೆಡುಕೆನಿಸಿತು. ದೋಷಾರೋಪ ಪಟ್ಟಿ ಹತ್ತನೇ ತಾರೀಕು ಕೋರ್ಟಿಗೆ ಹೋಗಬೇಕಿತ್ತು, ಅದಕ್ಕೆ ಆಧಾರ ರೈಟರ್ ಸ್ಥಳದಲ್ಲಿ ನಿಂತು ಬರೆದಿದ್ದ ಪಂಚನಾಮೆ. ಕೆಡುಕೆನಿಸಿತೆಂದು ಬರೆದದ್ದನ್ನು ಅಳಿಸಲಾಗುತ್ತದೆಯೇ ಎಂದುಕೊಂಡು ಅವರು ನರ್ಸಮ್ಮನ ಎಫ್‌ಐಆರ್‌ಗೆ ಮೊಹರು ಒತ್ತಿದರು.

ಮರುದಿನ ಬೆಳಿಗ್ಗೆ ಏಳೂವರೆಗೆ ಗಾಡಿ ಸಿಕ್ಕಿತು. ಹುಡುಕಿದ್ದು ಪೊಲೀಸರಲ್ಲ, ಆಸ್ಪತ್ರೆಯ ಕಾವಲುಗಾರ. ಕಳುವಾದ ಜಾಗದಿಂದ ಐವತ್ತು ಹೆಜ್ಜೆ ಆಚೆ, ಎರಡು ಕಾಲಿನ ಸ್ಟ್ಯಾಂಡು ಹಾಕಿ, ಹ್ಯಾಂಡಲ್ ಲಾಕ್ ಮಾಡಿ ಅಚ್ಚುಕಟ್ಟಾಗಿ ನಿಲ್ಲಿಸಿತ್ತು. ಒಂದು ತಿರುಪೂ ಕಳುವಾಗಿರಲಿಲ್ಲ. ಆರು ಅಡಿ ಎರಡಿಂಚಿನ, ಎಲ್ಲರೂ ಉದ್ದಣ್ಣ ಎಂದೇ ಕರೆಯುವ ಕಾನ್‌ಸ್ಟೆಬಲ್ ಅದನ್ನು ಓಡಿಸಿಕೊಂಡು ಬರುವಾಗ ಮಂಡಿ ಹ್ಯಾಂಡಲಿಗೆ ಬಡಿದು ಬಡಿದು ಕೆಂಪಾಗಿತ್ತು.

"ನೀವೇ ಬೇರೆ ಕಡೆ ನಿಲ್ಲಿಸಿ ಮರೆತಿರಬೇಕು ಅಕ್ಕ" ಎಂದ ಉದ್ದಣ್ಣ.

ನರ್ಸಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ಎರಡಿಂಚು ಕುಗ್ಗಿದ. ಆಕೆ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಟ್‌ಬುಕ್ ತೆರೆದರು.

"ಗಾಡಿ ಸಿಕ್ಕಿದ ಜಾಗದಲ್ಲೇ, ಇವನು ಹತ್ತೋ ಮೊದಲೇ ನೋಡ್ಕೊಂಡೆ, ಮೀಟರ್ 41,215. ಒಂಬತ್ತು ಕಿಲೋಮೀಟರ್ ಓಡಿದೆ. ಮುಂದಿನ ಬ್ರೇಕಿನ ಹಿಡಿತ ಬದಲಾಗಿದೆ. ಮೊದಲು ಲಿವರ್ ಎರಡು ಬೆರಳು ಸಡಿಲ ಇರ್ತಿತ್ತು, ಈಗ ಒಂದೇ. ಕೇಬಲ್‌ಗೆ ಎಣ್ಣೆ ಹಾಕಿದಾರೆ. ಕದ್ದವನು ನನ್ನ ಗಾಡಿ ಸರ್ವೀಸ್ ಮಾಡಿದಾನೆ ಸಾರ್!"

ಠಾಣೆಗೆ ಠಾಣೆಯೇ ನಕ್ಕಿತು. ಅಂಥ ಕಳ್ಳ ಸಿಕ್ಕರೆ ತನ್ನ ಬೈಕನ್ನೂ ಕದಿಯಲು ಹೇಳಿ ಎಂದು ಎಎಸ್‌ಐ ಅಂಗಲಾಚಿದರು. ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಮೇಡಂ ಮಾತ್ರ ನಗದೆ ಹೊರಗೆ ಬಂದರು. ಆಕೆ ಮಾತಾಡುವುದೇ ಅಪರೂಪ, ನಗುವುದು ಇನ್ನೂ ಅಪರೂಪ.

"ಈ ಥರ ಬೇರೆ ಯಾವುದಾದ್ರೂ ಬಂದಿತ್ತಾ?"

ಪ್ರಶ್ನೆ ರೈಟರಿಗೆ. ಅವರು ದೂರಿನ ಪುಸ್ತಕ ತಿರುವಿದರು. ಬಂದಿತ್ತು. ಹಿಂದಿನ ತಿಂಗಳು ಇಪ್ಪತ್ತೆಂಟಕ್ಕೆ ಒಬ್ಬ ಕೊರಿಯರ್‌ನವನು ಸ್ಕೂಟರ್ ಕಳುವಾಯಿತೆಂದು ಬಂದು, ದೂರು ಬರೆಸುತ್ತಿರುವಾಗಲೇ ಗಾಡಿ ಸಿಕ್ಕಿತೆಂದು ಫೋನು ಬಂದು ಹೊರಟುಹೋಗಿದ್ದ. ಇಪ್ಪತ್ತನಾಲ್ಕಕ್ಕೆ ನಿವೃತ್ತ ಮೇಷ್ಟ್ರೊಬ್ಬರು ಬೀಗ ಹಾಕಿದ್ದ ಗಾಡಿ ಗ್ರಂಥಾಲಯದ ಮುಂದಿನಿಂದ ಹೋಗಿ, ಸಂಜೆ ಅದೇ ಜಾಗಕ್ಕೆ ಬಂದು ನಿಂತಿತ್ತೆಂದು ಹೇಳಲು ಬಂದಿದ್ದರು. ವಯಸ್ಸಾಯಿತು, ಮರೆವು ಎಂದು ಎಎಸ್‌ಐ ಅವರನ್ನು ಸಮಾಧಾನ ಮಾಡಿ ಕಳಿಸಿದ್ದರು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಹೋದದ್ದು ರೈಟರಿಗೆ ನೆನಪಿತ್ತು.

ಐದನೇ ತಾರೀಕು ಗುರುವಾರ ಮೂರೂ ಗಾಡಿಗಳನ್ನು ಠಾಣೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಮೂರೂ ಒಂದೇ ಕಂಪನಿಯ ಅಗ್ಗದ ಮಾದರಿ, ಮೂರಕ್ಕೂ ಐದಾರು ವರ್ಷ. ಇವುಗಳ ಬೀಗ ಸವೆದರೆ ಸವೆದ ಯಾವ ಕೀ ಹಾಕಿದರೂ ತಿರುಗುತ್ತದೆ ಎಂದು ಉದ್ದಣ್ಣ ತನ್ನ ಮನೆಯ ಬೀರುವಿನ ಕೀ ಹಾಕಿ ತೋರಿಸಿದ. ಮೇಷ್ಟ್ರ ಗಾಡಿ ಪಾಪ, ವಿಧೇಯವಾಗಿ ಸ್ಟಾರ್ಟ್ ಆಯಿತು.

ರೈಟರ್ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಮೇಲಿನಿಂದ ಕೆಳಗೆ ನೋಡುತ್ತ ಬಂದರು. ಮುಂದಿನ ಚಕ್ರದ ಅಚ್ಚಿನ ನಟ್ಟಿನ ಮೇಲೆ ಕಡುಕೆಂಪು ಬಣ್ಣದ ಒಂದು ಚುಕ್ಕೆ. ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಎಳೆದ ಅರ್ಧ ಅಂಗುಲದ ಗೆರೆ. ಮೂರು ಗಾಡಿಗೂ ಇತ್ತು.

"ಇದೇನಿದು?"

"ಉಗುರುಬಣ್ಣ" ಎಂದರು ನರ್ಸಮ್ಮ. "ಮೂಲೆ ಗ್ಯಾರೇಜಿನ ಡಾಕ್ಟ್ರು ಹಾಕ್ತಾರೆ. ನಟ್ಟು ಬಿಗಿ ಮಾಡಿದ ಮೇಲೆ ಗೆರೆ ಎಳೀತಾರೆ. ಗೆರೆ ಮುರಿದಿದ್ರೆ ನಟ್ಟು ಸಡಿಲ ಆಗಿದೆ ಅಂತ ಅರ್ಥ, ನೋಡಿದ ಕೂಡ್ಲೇ ಗೊತ್ತಾಗುತ್ತೆ. ಹೆಂಡತಿಯ ಬಾಟ್ಲಿ ಎತ್ಕೊಂಡು ಬಂದಿರ್ತಾರೆ ಅಂತ ನಾವೆಲ್ಲ ತಮಾಷೆ ಮಾಡೋದು." ಆಕೆ ಬಗ್ಗಿ ನೋಡಿ ನಿಂತುಬಿಟ್ಟರು. "ಆದ್ರೆ ಇದು ಹೊಸ ಗೆರೆ ಸಾರ್. ಹಳೇದು ಮುರಿದಿದೆ ನೋಡಿ. ಅದರ ಪಕ್ಕದಲ್ಲಿ ಎಳೆದಿದಾರೆ."

ಮೂಲೆ ಗ್ಯಾರೇಜಿನ ಮೆಕ್ಯಾನಿಕ್ಕನ್ನು ಊರಿನ ಸ್ಕೂಟರಿನವರೆಲ್ಲ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅವರು ಮುಟ್ಟಿದ ಗಾಡಿ ಅದೇ ದೂರಿಗೆ ಎರಡನೇ ಸಲ ಬಂದದ್ದಿಲ್ಲ ಎಂಬ ಖ್ಯಾತಿ. ಮೂರೂ ಗಾಡಿಗಳು ಹಿಂದಿನ ತಿಂಗಳ ಮೊದಲ ವಾರದಲ್ಲಿ ಅಲ್ಲೇ ಸರ್ವೀಸ್ ಆಗಿದ್ದವು. ನರ್ಸಮ್ಮನ ನೋಟ್‌ಬುಕ್ಕಿನಲ್ಲಿ ಬರೆದಿತ್ತು: ನಾಲ್ಕನೇ ತಾರೀಕು, ಮುಂದಿನ ಬ್ರೇಕ್ ಶೂ ಹೊಸದು.

ತಾನೇ ಸರ್ವೀಸ್ ಮಾಡಿದ ಗಾಡಿಯನ್ನು ತಾನೇ ಕದ್ದು ಮತ್ತೆ ಅದೇ ಚಕ್ರ ಬಿಚ್ಚುವ ಮನುಷ್ಯನಿಗೆ ಏನಾಗಿರಬಹುದು? ಇಡೀ ಠಾಣೆ ತಲೆ ಕೆರೆದುಕೊಂಡಿತು. ರೈಟರಿಗೆ ಮಾತ್ರ ಹಳೆಯ ಗೆರೆ ಹೇಗಿತ್ತೆಂದು ಸರಿಯಾಗಿ ನೋಡಬೇಕೆನಿಸಿತು. ಒಂದು ಗಾಡಿಯಲ್ಲಾದರೂ ಅದು ಮುರಿಯದೆ ಇದ್ದರೆ ಪಂಚನಾಮೆಯಲ್ಲಿ ಹೋಲಿಸಿ ಬರೆಯಬಹುದು. ಅದೇ ಮಾದರಿಯ ಇನ್ನೊಂದು ಗಾಡಿ ಠಾಣೆಯ ಹಿತ್ತಲಲ್ಲಿ, ವಶಪಡಿಸಿಕೊಂಡ ವಾಹನಗಳ ನಡುವೆ ನಿಂತಿತ್ತು. ಅದು ಟೈಲರ್ ಅವರದು.

ಅವರು ಒಬ್ಬರೇ ಹಿಂದಕ್ಕೆ ಹೋದರು. ಬಗ್ಗಿ, ಕರವಸ್ತ್ರದಿಂದ ಧೂಳು ಒರೆಸಿದರು. ನಟ್ಟಿನ ಮೇಲೆ ಕಡುಕೆಂಪು ಗೆರೆ, ಅಖಂಡವಾಗಿ. ಇದೂ ಡಾಕ್ಟ್ರು ಬಿಗಿ ಮಾಡಿದ ಚಕ್ರ, ಆಮೇಲೆ ಯಾರೂ ಬಿಚ್ಚಿಲ್ಲ; ಉಳಿದ ಮೂರರಲ್ಲಿ ಅವರು ಕದ್ದು ಸರಿಪಡಿಸಿದ್ದು ಏನೇ ಇರಲಿ, ಇದರೊಳಗೆ ಅದು ಹಾಗೇ ಉಳಿದಿತ್ತು.

ಅವರಿಗೆ ಪಂಚನಾಮೆ ಬಾಯಿಪಾಠವಿತ್ತು. "ಗುದ್ದಿದ ರಭಸಕ್ಕೆ ಮುಂದಿನ ಚಕ್ರ ಬಿಗಿದುಕೊಂಡು ತಿರುಗದಂತಾಗಿರುತ್ತದೆ." ಅವರೇ ಬರೆದದ್ದು. ವಾಹನ ಪರೀಕ್ಷಿಸಿದ ಅಧಿಕಾರಿಯೂ ಚಕ್ರ ಬಿಚ್ಚದೆ ಅದೇ ವಾಕ್ಯವನ್ನು ತಮ್ಮ ವರದಿಗೆ ಇಳಿಸಿಕೊಂಡಿದ್ದರು. ಇವರ ಪಂಚನಾಮೆ ಓದಿದರೆ ಸ್ಥಳಕ್ಕೆ ಹೋಗುವ ಅಗತ್ಯವಿಲ್ಲವಲ್ಲ! ಸ್ಥಳದ ನಕ್ಷೆಯೂ ಕಣ್ಣ ಮುಂದೆ ಬಂತು. ರಸ್ತೆಯ ಮೇಲೆ ಟೈರು ಉಜ್ಜಿದ ಕಪ್ಪು ಗುರುತು ವಿಭಜಕಕ್ಕಿಂತ ಹದಿನಾಲ್ಕು ಅಡಿ ಹಿಂದೆಯೇ ಶುರುವಾಗಿತ್ತು. ಟೇಪು ಹಿಡಿದು ಅಳೆದವರೂ ಅವರೇ. ಅದನ್ನು ಅವರು "ಗಾಬರಿಯಿಂದ ಒಮ್ಮೆಲೇ ಬ್ರೇಕ್ ಒತ್ತಿದ ಗುರುತು" ಎಂದು ಬರೆದಿದ್ದರು. ಅವತ್ತು ಟೈಲರ್ ರಸ್ತೆಯ ಬದಿ ಕೂತು, ಸುಮ್ನೆ ಬ್ರೇಕ್ ಮುಟ್ಟಿದೆ ಅಷ್ಟೇ ಸಾರ್, ಮುಟ್ಟಿದೆ ಅಷ್ಟೇ ಎಂದು ಹೇಳುತ್ತಲೇ ಇದ್ದರು. ಎಲ್ಲ ಅಪಘಾತದಲ್ಲೂ ಎಲ್ಲರೂ ಹಾಗೇ ಹೇಳುತ್ತಾರೆ ಎಂದು ರೈಟರ್ ಅದನ್ನು ಬರೆದುಕೊಂಡಿರಲಿಲ್ಲ.

ಚಕ್ರ ಬಿಗಿದದ್ದು ಗುದ್ದಿದ ಮೇಲಲ್ಲ, ಮೊದಲು.

ಹೇಳಲು ನಾಚಿಕೆಯಾದರೂ ನಿಜ, ರೈಟರ್ ಹಿತ್ತಲಲ್ಲಿ ಮುಕ್ಕಾಲು ಗಂಟೆ ನಿಂತರು. ಯಾರೂ ಕೇಳಿರಲಿಲ್ಲ, ಯಾರೂ ನೋಡಿರಲಿಲ್ಲ. ಹತ್ತಕ್ಕೆ ಪಟ್ಟಿ ಹೋಗುತ್ತದೆ, ಇಪ್ಪತ್ತಕ್ಕೆ ಟೈಲರ್ ಒಪ್ಪಿಕೊಳ್ಳುತ್ತಾರೆ, ಕೇಸು ಮುಗಿಯುತ್ತದೆ. ಕರವಸ್ತ್ರದಿಂದ ಉಗುರುಬಣ್ಣವನ್ನೂ ಗಟ್ಟಿಯಾಗಿ ಉಜ್ಜಿದರೆ ಎದ್ದುಬರುತ್ತಿತ್ತೋ ಏನೋ. ಆಮೇಲೆ ಅವರು ಕರವಸ್ತ್ರ ಜೇಬಿಗಿಟ್ಟು ಒಳಗೆ ಹೋಗಿ ಮೇಡಂ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದರು.

ಮೇಡಂ ಕಡತ ತರಿಸಿ ಓದಿದರು.

"ಅಳತೆ ಎಲ್ಲ ಸರಿ ಬರೆದಿದ್ದೀರಿ ರೈಟರ್. ತಪ್ಪಿರೋದು ನಿಮ್ಮ ಅಭಿಪ್ರಾಯ. ಪಂಚನಾಮೆಯಲ್ಲಿ ಅದನ್ನ ಯಾರು ಕೇಳಿದ್ರು?"

"ಯಾರೂ ಕೇಳಿರಲಿಲ್ಲ ಮೇಡಂ."

"ನಾಳೆ ಬೆಳಿಗ್ಗೆ ಪಂಚರನ್ನ ಕರೆಸಿ. ಚಕ್ರ ಬಿಚ್ಚಿಸೋಣ."

ಆರನೇ ತಾರೀಕು ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಇಬ್ಬರು ಪಂಚರು ಮತ್ತು ವಾಹನ ಪರೀಕ್ಷೆಯ ಅಧಿಕಾರಿಯ ಎದುರು ಚಕ್ರ ಬಿಚ್ಚಿದರು. ಬ್ರೇಕ್ ಒತ್ತಿದಾಗ ಡ್ರಮ್ಮಿನ ಒಳಗೋಡೆಗೆ ಉಜ್ಜಿ ಚಕ್ರ ನಿಲ್ಲಿಸುವ ಕೆಲಸ ಬ್ರೇಕ್ ಶೂನದು. ಅರ್ಧಚಂದ್ರದ ಆಕಾರದ ಆ ಲೋಹದ ಶೂ ಮೇಲೆ ಒಂದು ಗಟ್ಟಿ ಪಟ್ಟಿ ಅಂಟಿಸಿರುತ್ತಾರೆ, ಲೈನರ್ ಎಂದು ಕರೆಯುತ್ತಾರೆ. ಇಲ್ಲಿ ಲೈನರ್ ಪೂರ್ತಿ ಅಂಟು ಬಿಟ್ಟು ಕಿತ್ತುಬಂದು, ಮಡಚಿಕೊಂಡು, ಶೂ ಮತ್ತು ಡ್ರಮ್ಮಿನ ನಡುವೆ ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡಿತ್ತು. ಲೈನರಿಗೆ ಸವೆತವೇ ಇರಲಿಲ್ಲ. ಅಧಿಕಾರಿ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ಕಳಪೆ ಮಾಲು. ಬ್ರೇಕ್ ಬಿಸಿಯಾದ ಕೂಡಲೇ ಅಂಟು ಬಿಟ್ಟಿದೆ. ಇಂಥದ್ದು ಸಿಕ್ಕಿಕೊಂಡರೆ ಯಾರು ಓಡಿಸಿದರೂ ಬೀಳಲೇಬೇಕು."

ರೈಟರ್ ಬರೆದುಕೊಂಡರು. ಈ ಸಲ ಕಂಡದ್ದನ್ನಷ್ಟೇ ಬರೆದರು.

ಹತ್ತು ಐವತ್ತಕ್ಕೆ ಜೀಪು ಮೂಲೆ ಗ್ಯಾರೇಜಿನ ಮುಂದೆ ನಿಂತಿತು. ಬಾಗಿಲು ಅರ್ಧ ಮುಚ್ಚಿತ್ತು. ಡಾಕ್ಟ್ರ ಹೆಂಡತಿ ಒಳಗೆ ಸ್ಪ್ಯಾನರುಗಳನ್ನು ಒರೆಸಿ ಗೋಡೆಯ ಮೊಳೆಗಳಿಗೆ ತೂಗುಹಾಕುತ್ತಿದ್ದರು. ಪ್ರತಿ ಸ್ಪ್ಯಾನರಿನ ಆಕಾರವನ್ನೂ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು. ಎರಡು ಜಾಗ ಖಾಲಿ.

"ಎಲ್ಲಿ ಅವರು?"

"ಚೀಲ ಎತ್ಕೊಂಡು ಹೋದ್ರು. ಎಲ್ಲಿಗೆ ಅಂತ ಈಗೀಗ ಹೇಳೋದೇ ಇಲ್ಲ. ಊಟಾನೂ ಸರಿ ಮಾಡ್ತಿಲ್ಲ ಮೇಡಂ."

ಮೇಲಿನ ಹಲಗೆಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮುಂದಿನ ಬ್ರೇಕ್ ಶೂ, ಆರು ಜೊತೆ ಎಂದು ಮುದ್ರಿಸಿತ್ತು. ಒಳಗೆ ಬಳಸದ ಹೊಸ ಜೊತೆ ಇದ್ದದ್ದು ಒಂದೇ. ಉದ್ದಣ್ಣ ಉಗುರು ಹಾಕಿ ಎಳೆದ ಕೂಡಲೇ ಅದರ ಲೈನರ್ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿ ಬಂತು. ಪಕ್ಕದಲ್ಲಿ ಬಳಸಿದ ಮೂರು ಜೊತೆ, ಒಂದೊಂದಕ್ಕೂ ಚೀಟಿ ಕಟ್ಟಿತ್ತು: ಮೇಷ್ಟ್ರು, ಕೊರಿಯರ್, ನರ್ಸಮ್ಮ.

ಮೇಡಂ ಬೆರಳು ಮಡಿಸಿದರು. "ಆರರಲ್ಲಿ ಒಂದು ಇಲ್ಲಿದೆ. ಮೂರು ವಾಪಸ್ ಬಂದಿವೆ. ಒಂದು ಟೈಲರ್ ಗಾಡೀಲಿ. ಆರನೇದು ಎಲ್ಲಿ?"

ಆರನೆಯದು ಆ ಹೊತ್ತಿನಲ್ಲಿ ಯಾವುದೋ ರಸ್ತೆಯಲ್ಲಿ ಓಡುತ್ತಿತ್ತು.

"ಅಮ್ಮ, ಹೋದ ತಿಂಗಳು ಮೊದಲನೇ ವಾರ ಇದೇ ಥರದ ಗಾಡಿ ಇನ್ಯಾರದು ಬಂದಿತ್ತು? ನೆನಪು ಮಾಡ್ಕೊಳ್ಳಿ" ಎಂದರು ರೈಟರ್.

ಆಕೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಯೋಚಿಸಿದರು. "ಲ್ಯಾಬ್ ಹುಡುಗಿ. ಮನೆಮನೆಗೆ ಹೋಗಿ ರಕ್ತ ತಗೋತಾಳಲ್ಲ, ಅವಳು. ಇವರು ಮೊನ್ನೆಯಿಂದ ಅವಳನ್ನೇ ಹುಡುಕ್ತಿದ್ರು. ಐದು ನಿಮಿಷ ಒಂದು ಕಡೆ ನಿಲ್ಲಲ್ಲ ಅವಳು ಅಂತ ಬೈಕೋತಿದ್ರು."

ಲ್ಯಾಬಿಗೆ ಫೋನು ಮಾಡಿ ಹುಡುಗಿಯ ನಂಬರು ಹಿಡಿದದ್ದು ಹನ್ನೊಂದು ಹತ್ತಕ್ಕೆ. ಅವಳು ಫೋನೆತ್ತಿದ್ದೇ ಅಳುತ್ತ.

"ಸಾರ್, ನಾನೇ ಪೊಲೀಸಿಗೆ ಮಾಡೋಳಿದ್ದೆ! ಈ ಮನೆ ಅಜ್ಜಿಗೆ ನರ ಸಿಗಲಿಲ್ಲ, ಇಪ್ಪತ್ತು ನಿಮಿಷ ಆಯ್ತು, ಕೆಳಗೆ ಬಂದ್ರೆ ಗಾಡಿನೇ ಇಲ್ಲ. ಹನ್ನೆರಡು ಜನರ ರಕ್ತ ಇದೆ ಡಬ್ಬೀಲಿ, ಬಿಸಿಯಾದ್ರೆ ಎಲ್ಲ ಹಾಳು..."

"ಅಳಬೇಡಮ್ಮ. ಗಾಡಿ ಕಳುವಾದದ್ದು ಒಳ್ಳೇದೇ ಆಯ್ತು" ಎಂದುಬಿಟ್ಟರು ರೈಟರ್. ಅವಳ ಅಳು ಗಕ್ಕನೆ ನಿಂತಿತು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಒಬ್ಬ ಫಿರ್ಯಾದಿಗೆ ಇಂಥ ಮಾತು ಹೇಳಿದ್ದು ಅದೇ ಮೊದಲು.

ಡಾಕ್ಟ್ರು ಕೆಲಸ ಮಾಡುವುದೆಲ್ಲಿ? ನರ್ಸಮ್ಮನ ಮೀಟರು ಒಂಬತ್ತು ಕಿಲೋಮೀಟರ್ ತೋರಿಸಿತ್ತು, ಹೋಗಲು ನಾಲ್ಕೂವರೆ, ಬರಲು ನಾಲ್ಕೂವರೆ. ಆಸ್ಪತ್ರೆಯಿಂದ ಅಷ್ಟು ದೂರದಲ್ಲಿ ನಿಮ್ಮವರದ್ದು ಏನಾದರೂ ಇದೆಯೇ ಎಂದು ಮೇಡಂ ಕೇಳಿದರು. ಹೆಂಡತಿ ಬಾಗಿಲ ಹಿಂದಿನ ಮೊಳೆ ನೋಡಿದರು. ಕೀ ಇರಲಿಲ್ಲ.

"ನನ್ನ ತಮ್ಮಂದು ಹಿಟ್ಟಿನ ಗಿರಣಿ. ಕಾಲುವೆ ಪಕ್ಕ. ಮುಚ್ಚಿ ಎರಡು ವರ್ಷ ಆಯ್ತು." ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಮೊಳೆಗೆ ಹಾಕಿ ಹೇಳಿದರು, "ಹೊಡೀಬೇಡಿ ಅವರಿಗೆ."

ಹನ್ನೊಂದು ನಲವತ್ತಕ್ಕೆ ಗಿರಣಿಯ ಬಾಗಿಲು ತಳ್ಳಿದಾಗ ಡಾಕ್ಟ್ರು ನೆಲದ ಮೇಲೆ ಹಳೆಯ ಚೀಲ ಹಾಸಿಕೊಂಡು ಕೂತಿದ್ದರು. ಐವತ್ತರ ಆಸುಪಾಸು, ತೆಳ್ಳಗಿನ ಆಳು, ಕಿವಿಯ ಮೇಲೆ ಪೆನ್ಸಿಲ್. ಲ್ಯಾಬ್ ಹುಡುಗಿಯ ಸ್ಕೂಟರ್ ಸ್ಟ್ಯಾಂಡಿನ ಮೇಲಿತ್ತು, ಮುಂದಿನ ಚಕ್ರ ಕಳಚಿತ್ತು. ಪೊಲೀಸರನ್ನು ಕಂಡು ಅವರು ಓಡಲಿಲ್ಲ, ಎದ್ದೂ ನಿಲ್ಲಲಿಲ್ಲ. ಕೈಯಲ್ಲಿದ್ದ ಹಳೆಯ ಬ್ರೇಕ್ ಶೂ ಎತ್ತಿ ಬೆಳಕಿಗೆ ಹಿಡಿದರು. ಲೈನರಿನ ಒಂದು ತುದಿ ಆಗಲೇ ಎದ್ದಿತ್ತು.

"ಇನ್ನೊಂದು ವಾರ ಇರ್ತಿರಲಿಲ್ಲ ಇದು" ಎಂದರು. ಆಮೇಲೆ ಮೇಡಂ ಕಡೆ ನೋಡಿ, "ಹತ್ತು ನಿಮಿಷ ಕೊಡಿ ತಾಯಿ. ಹೊಸದು ಹಾಕಿ ಬಿಗಿ ಮಾಡಿಬಿಡ್ತೀನಿ. ಆ ಹುಡುಗಿಗೆ ಕೆಲಸ ಇದೆ."

"ಅದನ್ನ ಹಾಗೇ ಕೆಳಗಿಡಿ. ಅದು ಸಾಕ್ಷ್ಯ."

ಇಟ್ಟರು. ಕೈಗೆ ಗ್ರೀಸು ಮೆತ್ತಿತ್ತು, ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. ಉದ್ದಣ್ಣ ತನ್ನ ಕರವಸ್ತ್ರ ಕೊಟ್ಟ. ಅಲ್ಲೇ ಪಂಚನಾಮೆ ನಡೆಯಿತು. ಹನ್ನೆರಡು ಮೂವತ್ತೈದಕ್ಕೆ ಬಂಧನ ಎಂದು ರೈಟರ್ ಬರೆದರು. ಹುಡುಗಿಯನ್ನೂ ಅವಳ ರಕ್ತದ ಡಬ್ಬಿಯನ್ನೂ ಠಾಣೆಯ ಇನ್ನೊಂದು ಜೀಪು ಲ್ಯಾಬಿಗೆ ಮುಟ್ಟಿಸಿತು.

ಮಧ್ಯಾಹ್ನ ಠಾಣೆಯಲ್ಲಿ ವಿಚಾರಣೆ. ಮೇಡಂ ಕೇಳಿದರು, ರೈಟರ್ ಬರೆದರು.

"ಪೆಟ್ಟಿಗೆ ಎಲ್ಲಿಂದ ತಂದ್ರಿ?"

"ಒಬ್ಬ ಸೈಕಲ್ ಮೇಲೆ ಬಿಡಿಭಾಗ ಮಾರ್ಕೊಂಡು ಬಂದಿದ್ದ. ಕಂಪನಿ ಮಾಲು ಬರೋದು ತಡ ಆಗ್ತಿತ್ತು, ಗಿರಾಕಿಗಳು ಕಾಯ್ತಿದ್ರು. ಡಬ್ಬಿ ನೋಡೋಕೆ ಕಂಪನೀದೇ ಥರ ಇತ್ತು."

"ಕಳಪೆ ಅಂತ ಯಾವಾಗ ಗೊತ್ತಾಯ್ತು?"

"ಟೈಲರ್ ಬಿದ್ದ ಸುದ್ದಿ ಬಂತಲ್ಲ, ಅದರ ಎರಡನೇ ದಿನ. ಅವರು ಜೋರಾಗಿ ಓಡಿಸೋರಲ್ಲ ಮೇಡಂ. ಅವರ ಗಾಡಿಯ ಟೈರು ನೋಡಿದ್ರೇ ಗೊತ್ತಾಗುತ್ತೆ, ಎಷ್ಟು ಒಂದೇ ಸಮ ಸವೆದಿದೆ ಅಂತ. ನನಗೆ ಅನುಮಾನ ಬಂತು. ಉಳಿದಿದ್ದ ಜೊತೆ ತೆಗೆದು ಉಗುರು ಹಾಕಿದೆ."

"ಆಗಲೇ ಇಲ್ಲಿಗೆ ಬರಬಹುದಿತ್ತು."

ಡಾಕ್ಟ್ರು ಉಗುರಿನ ಸಂದಿಯ ಗ್ರೀಸು ಕೆರೆಯತೊಡಗಿದರು.

"ಹೋಗಲಿ, ಉಳಿದ ನಾಲ್ಕು ಜನಕ್ಕೆ ಹೇಳಬಹುದಿತ್ತಲ್ಲ? ಗಾಡಿ ತನ್ನಿ, ಬ್ರೇಕ್ ಬದಲಾಯಿಸಿ ಕೊಡ್ತೀನಿ ಅಂತ. ಯಾರು ಬೇಡ ಅಂತಿದ್ರು?"

"ನರ್ಸಮ್ಮನ ಮನೆ ಬಾಗಿಲ ತನಕ ಹೋಗಿದ್ದೆ. ಗಂಟೆ ಒತ್ತಲಿಲ್ಲ, ವಾಪಸ್ ಬಂದೆ. ಆಕೆ ಬಿಡೋರಲ್ಲ, ಯಾಕೆ ಏನು ಅಂತ ಕೇಳಿ ಬರ್ಕೋತಾರೆ. ಹೇಳಿದ್ರೆ ಟೈಲರ್ ಹೆಂಡತಿ ಹತ್ರಾನೇ ಬಂದು ನಿಲ್ಲುತ್ತೆ ಮಾತು. ಮೂವತ್ತು ವರ್ಷದಿಂದ ಡಾಕ್ಟ್ರು, ಡಾಕ್ಟ್ರು ಅಂತಾರೆ ಮೇಡಂ ನನ್ನ. ನನ್ನ ಕೈಯಿಂದ ಒಂದು ಜೀವ ಹೋಯ್ತು ಅಂತ ಬಾಯಿ ಬಿಟ್ಟು ಹೇಳೋದಕ್ಕಿಂತ ಗಾಡಿ ಕದಿಯೋದೇ ಸುಲಭ ಅನ್ನಿಸ್ತು."

"ಟೈಲರ್ ಜೈಲಿಗೆ ಹೋಗ್ತಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಮೊದಲು ನಾಲ್ಕೂ ಗಾಡಿ ಸರಿ ಮಾಡಿಬಿಡೋಣ, ಆಮೇಲೆ ಬಂದು ಹೇಳೋಣ ಅಂತ ಇದ್ದೆ."

"ಹೇಳ್ತಿದ್ರಾ?"

ಡಾಕ್ಟ್ರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಗೊತ್ತಿಲ್ಲ ಮೇಡಂ" ಎಂದರು.

ರೈಟರ್ ಆ ಎರಡು ಪದವನ್ನೂ ಬರೆದರು. ಎದುರು ಕೂತ ಮನುಷ್ಯನ ಮೇಲೆ ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿತ್ತಲಲ್ಲಿ ಕರವಸ್ತ್ರ ಹಿಡಿದು ತಾವು ನಿಂತಿದ್ದ ಮುಕ್ಕಾಲು ಗಂಟೆಯೇ ಕಣ್ಣಿಗೆ ಕಟ್ಟುತ್ತಿತ್ತು. ಈ ಮನುಷ್ಯ ಅದೇ ಜಾಗದಲ್ಲಿ ಮೂರು ವಾರ ನಿಂತಿದ್ದ, ಅಷ್ಟೇ ವ್ಯತ್ಯಾಸ.

"ಟೈಲರಿಗೆ ಯಾರು ಹೇಳ್ತೀರಿ? ಉದ್ದಣ್ಣನ್ನ ಕಳಿಸಲಾ?" ಎಂದು ಮೇಡಂ ಕೇಳಿದರು.

"ಬೇಡ ಮೇಡಂ, ನಾನೇ ಹೋಗ್ತೀನಿ."

ನಾಲ್ಕು ಗಂಟೆಗೆ ಟೈಲರ್ ಅಂಗಡಿಯಲ್ಲಿ ಯಂತ್ರ ಓಡುತ್ತಿತ್ತು. ರೈಟರ್ ಟೋಪಿ ತೆಗೆದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಮೊದಲು ಹೇಳಬೇಕಾದದ್ದನ್ನೇ ಮೊದಲು ಹೇಳಿದರು.

"ನಾನು ತಪ್ಪು ಬರೆದಿದ್ದೆ. ನೀವು ಬ್ರೇಕ್ ಸುಮ್ನೆ ಮುಟ್ಟಿದ್ದು ನಿಜ. ಒಳಗಿನ ಲೈನರ್ ಕಿತ್ತುಬಂದು ಚಕ್ರ ಕಚ್ಚಿಕೊಳ್ತು. ನಿಮ್ಮ ತಪ್ಪಿಲ್ಲ. ನಿಮ್ಮ ಮೇಲಿನ ಕೇಸು ಕೈಬಿಡೋಕೆ ಇವತ್ತೇ ವರದಿ ಬರೀತಿದ್ದೀವಿ."

ಟೈಲರ್ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಸೂಜಿ ಬಟ್ಟೆಯೊಳಗೇ ಇತ್ತು.

"ಬೀಳುವಾಗ ಅವಳು 'ಯಾಕ್ರೀ ಬ್ರೇಕ್ ಹಾಕಿದ್ರಿ' ಅಂದಳು" ಎಂದರು. "ಅದೇ ಕೊನೇ ಮಾತು. ಹಾಕಿಲ್ಲ ಕಣೇ ಅನ್ನೋಕೂ ಹೊತ್ತು ಸಿಗಲಿಲ್ಲ. ಆಮೇಲೆ ನೀವೂ ಹಾಗೇ ಬರೆದ್ರಲ್ಲ, ಅವಳೂ ಅಂದಳು, ನೀವೂ ಬರೆದ್ರಿ, ಹಾಗಾದ್ರೆ ಹಾಕಿರಲೇಬೇಕು ಅಂತ ನಾನೂ ನಂಬಿಬಿಟ್ಟೆ."

ರೈಟರ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಯಾರು, ಯಾವ ಗ್ಯಾರೇಜು ಎಂಬುದನ್ನು ಹೇಳಿದರು. ಹೇಳಿಕೆ ಬರೆದುಕೊಳ್ಳಲು ಕಾಗದ ತೆಗೆದರು. ಟೈಲರ್ ಕನ್ನಡಕ ಕಳಚಿ ಮಡಿಲಲ್ಲಿಟ್ಟುಕೊಂಡು ಬಾಗಿಲಾಚೆ ನೋಡುತ್ತಿದ್ದರು.

"ಡಾಕ್ಟ್ರಿಗೆ ಮೊದಲೇ ಗೊತ್ತಿತ್ತಾ ಸಾರ್?"

"ಎರಡನೇ ದಿನದಿಂದ."

"ಮೂರನೇ ದಿನ ಮನೆಗೆ ಬಂದಿದ್ರು ಅವರು. ನನ್ನ ಎರಡೂ ಕೈ ಹಿಡ್ಕೊಂಡು ಒಂದೇ ಸಮ ಅತ್ತರು. ನಮ್ಮ ನೆಂಟರು ಕೂಡ ಅಷ್ಟು ಅಳಲಿಲ್ಲ. ಎಷ್ಟು ಒಳ್ಳೇ ಮನುಷ್ಯ ಅಂತ ನನಗೇ ಕರುಳು ಚುರ್ ಅಂತು. ಹೋಗ್ಲಿ ಬಿಡಿ ಡಾಕ್ಟ್ರೇ, ನನ್ನ ಕೈಯಿಂದ ಆದ ತಪ್ಪು, ನೀವ್ಯಾಕೆ ಅಳ್ತೀರಿ ಅಂತ ನಾನೇ ನೀರು ಕುಡಿಸಿ, ಬಾಗಿಲ ತನಕ ಬಿಟ್ಟು ಬಂದೆ."

ರೈಟರ್ ಅದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಕೆಳಗೆ ಸಹಿ ಹಾಕಿಸಿದರು.